ಪೇವರ್ಸ್ ಕೆಳಗ ಗೇಟ್ ಲೈಟಿನ ಕೇಬಲ್: ಮುಚ್ಚೋಕಿಂತ ಮೊದ್ಲ ಮೆಗ್ಗರ್ ಹಚ್ರಿ

ಮಳಿ ಬಂದಾಗೊಮ್ಮೆ ಗೇಟ್ ಮುಟ್ಟಿದ್ರ ಕೈ ಜುಮ್ ಅಂತೈತಿ ಅಂತ ಗಂಗಾವತಿಯಿಂದ ನಮ್ಮಕ್ಕ ಫೋನ್ ಮಾಡಿದ್ಲು. ಹೋಗಿ ನಾಕು ಪೇವರ್ಸ್ ಎತ್ತಿ ನೋಡಿದ್ರ, ಮನಿ ಗೋಡ್ಯಾಗ ಹಾಕೋ ಸಾದಾ ವೈರು, ಅದೂ ಗೇಣಿನಷ್ಟು ಆಳದಾಗ, ತೆಳ್ಳನ್ನ ಬಿಳಿ ಪೈಪಿನೊಳಗ. ಪೈಪ್ ಒಡದು ನೀರು ನಿಂತಿತ್ತು, ನಟ್ಟನಡುವೆ ಕರಿ ಟೇಪ್ ಸುತ್ತಿದ ಜಾಯಿಂಟು. ಇಂಥದ್ದು ನಾ ನೋಡಿದ್ದು ಇದು ಮೂರನೇ ಮನಿ, ಅದಕ್ಕ ಬರ್ಯಾಕತ್ತೀನಿ. ಮೆಗ್ಗರ್ ಅಂದ್ರ ವೈರಿನ ಮ್ಯಾಲಿನ ತೊಗಲು (ಇನ್ಸುಲೇಷನ್) ಎಲ್ಲರ ಕರೆಂಟ್ ಸೋರತೈತೇನು ಅಂತ ನೋಡೋ ಮೀಟರ್.

ಕೆನಡಾ, ನಾರ್ವೆ ಕಡೆ ಮನಿ ಮುಂದಿನ ಪೇವರ್ಸ್ ಕೆಳಗ ಹಿಮ ಕರಗಸಾಕ ಬಿಸಿ ಆಗೋ ಕೇಬಲ್ ಹಾಸ್ತಾರ. ನಮ್ಮ ಕೊಪ್ಪಳ ಜಿಲ್ಲಾದಾಗ ಮೇ ತಿಂಗಳು ಪೇವರ್ಸ್ ಮ್ಯಾಲ ಬರಿಗಾಲಿಡಾಕ ಆಗಂಗಿಲ್ಲ, ನಮಗ್ಯಾಕ ಆ ಕೇಬಲ್ಲು! ಆದ್ರ ಅವರದೊಂದು ರೂಢಿ ಮಾತ್ರ ನಾವು ಕಲಿಬೇಕು: ಕೇಬಲ್ ತಂದಾಗ ಒಂದ್ಸಲ, ಹಾಸಿದ ಮ್ಯಾಲ ಒಂದ್ಸಲ, ಕಲ್ಲು ಮುಚ್ಚಿದ ಮ್ಯಾಲ ಇನ್ನೊಂದ್ಸಲ ಟೆಸ್ಟ್ ಮಾಡಿ ರೀಡಿಂಗ್ ಬರ್ದಿಡ್ತಾರ. ನಮ್ಮಲ್ಲಿ ಲೈಟ್ ಹತ್ತಿತು ಅಂದ್ರ ಕೆಲಸ ಮುಗೀತು.

ಕೇಬಲ್ ತರೋದಾದ್ರ ಆರ್ಮರ್ಡ್ ಕೇಬಲ್ಲೇ ತರ್ರಿ, ಅಂದ್ರ ಒಳಗ ಸುತ್ತಲೂ ಕಬ್ಬಿಣದ ತಂತಿ ಇರೋದು, ಮೂರು ಕೋರ್ (ಒಳಗ ಮೂರು ಬ್ಯಾರೆ ಬ್ಯಾರೆ ವೈರು), ತಾಮ್ರ, 2.5 ಸ್ಕ್ವೇರ್ ಎಂಎಂ. ಬರೇ ಎರಡು ಎಲ್‌ಇಡಿಗೆ 1.5 ಸಾಕು ಅಂತ ಅಂಗಡ್ಯಾಗ ಹೇಳ್ತಾರ, ಖರೇನ, ಆದ್ರ ನಾಳೆ ಗೇಟಿಗೆ ಮೋಟಾರ್ ಹಾಕ್ಬೇಕು ಅನಿಸಿದ್ರ ಮತ್ತ ಅಂಗಳ ಅಗಿತೀರೇನು? ಕೇಬಲ್ ಮ್ಯಾಲ ಐಎಸ್ 1554 ಇಲ್ಲಾ ಐಎಸ್ 7098 ಅಂತ ಭಾರತೀಯ ಮಾನಕದ ನಂಬರ್ ಅಚ್ಚಾಗಿರ್ಬೇಕು, ಇಲ್ಲಂದ್ರ ವಾಪಸ್ ಕೊಡ್ರಿ. ಅಳತಿ ಹಿಡದು ಎರಡೂ ತುದಿಗೆ ಎರಡೆರಡು ಮೀಟರ್ ಜಾಸ್ತಿ ತರ್ರಿ, ಯಾಕಂದ್ರ ನೆಲದೊಳಗ ಜಾಯಿಂಟ್ ಮಾಡಂಗಿಲ್ಲ. ಇದಕ್ಕ ರಿಯಾಯ್ತಿ ಇಲ್ಲ. ಕತ್ತರಿಸಿದ ತುದಿಗೆ ಪ್ಲಾಸ್ಟಿಕ್ ಬಿಗದು ಕಟ್ರಿ, ತೆರೆದು ಬಿಟ್ರ ಕೋರ್ ಗುಂಟ ನೀರು ಒಳಗ ಎಳಕೊಂತೈತಿ.

ಪೇವರ್ಸ್ ಎತ್ತೋದು ಮೊದಲನೇದಕ್ಕಷ್ಟ ಕಷ್ಟ, ಎರಡು ಸ್ಕ್ರೂಡ್ರೈವರ್ ಸಂದ್ಯಾಗ ಹಾಕಿ ಮೀಟ್ರಿ, ಉಳಿದವು ಕೈಲೇ ಬರ್ತಾವ. ತಗ್ಗು ಎರಡೂವರಿ ಫೂಟು ತೋಡ್ರಿ. ಅಗಿಯೋಕಿಂತ ಮೊದ್ಲ ನೀರಿನ ಪೈಪು, ಕರೆಂಟ್ ಕಂಪನಿ ಜೆಸ್ಕಾಂನ ಸರ್ವಿಸ್ ಕೇಬಲ್ ಎಲ್ಲಿ ಹೋಗ್ಯಾವ ಅಂತ ಗೊತ್ತಿರ್ಲಿ, ಹಾರಿ ಹಿಡಿದವನಿಗೆ ಅದು ಕಾಣಂಗಿಲ್ಲ.

ಇನ್ನ ಎಲ್ಲರೂ ಕೆಡಿಸೋ ಕೆಲಸ ಬಂತು. ಕಾರಟಗಿ, ಸಿಂಧನೂರು ಕಡೆ ಎರಿಮಣ್ಣು, ಮಳಿಗೆ ಉಬ್ಬತೈತಿ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರಿತೈತಿ. ಕೇಬಲ್ ಬಿಗಿಯಾಗಿ ಎಳದು ಹಾಕಿದ್ರ ನೆಲ ಸರದಂಗೆಲ್ಲ ಅದು ಜಗ್ಗಿ, ಎಲ್ಲಾ ಭಾರ ತುದ್ಯಾಗಿನ ಗ್ಲಾಂಡ್ (ಕೇಬಲ್ ತುದಿಯನ್ನ ಡಬ್ಬಿಗೆ ಬಿಗಿಯಾಗಿ ಹಿಡಿಯೋ ಲೋಹದ ನಟ್ಟು) ಮ್ಯಾಲ ಬೀಳ್ತೈತಿ. ಅದಕ್ಕ ಹಾವು ಹರದಂಗ ಸ್ವಲ್ಪ ಅಂಕುಡೊಂಕಾಗಿ ಹಾಸ್ರಿ, ಮೂಲಿ ತಿರುವೋವಾಗ ಮಣ್ಣು ಹೊರೋ ಬುಟ್ಟಿ ಬಾಯಿಯಷ್ಟು ಗುಂಡಗ ತಿರುವ್ರಿ, ಮೊಣಕೈ ಮಡಚಿದಂಗ ಮಡಚಬ್ಯಾಡ್ರಿ. ಕೆಳಗ ಮೂರಿಂಚು ಸೋಸಿದ ಉಸುಕು, ಕೇಬಲ್ಲು, ಮತ್ತ ಮೂರಿಂಚು ಉಸುಕು, ಅದರ ಮ್ಯಾಲ ಸಾಲಾಗಿ ಇಟ್ಟಂಗಿ. ಇಟ್ಟಂಗಿ ಯಾಕಂದ್ರ ನಾಳೆ ಯಾರರ ಅಗದ್ರ ಹಾರಿ ಮೊದ್ಲು ಅದಕ್ಕ ಬಡಿಲಿ ಅಂತ. ಮ್ಯಾಲೆ ತೋಡಿದ ಎರಿಮಣ್ಣ ವಾಪಸ್ ತುಂಬಬ್ಯಾಡ್ರಿ, ಗೌಂಡಿ ಅದನ್ನ ತುಂಬಾಕ ನೋಡ್ತಾನ, ಸುಲಭ ನೋಡ್ರಿ ಅವಗ. ಗರಸು ತರಿಸಿ ಆರಾರು ಇಂಚಿಗೊಮ್ಮೆ ನೀರು ಹೊಡದು ದಿಮ್ಮಸು ಹಾಕ್ಸಿರಿ, ಅರ್ಧ ತುಂಬಿದಾಗ ಎಚ್ಚರಿಕೆ ಟೇಪ್ ಹಾಸ್ರಿ. ಒಂದು ಮಾತು ನೆನಪಿರ್ಲಿ, ಎರಿ ನೆಲದಾಗ ಗರಸು ತುಂಬಿದ ತಗ್ಗು ಅಂದ್ರ ಬಾನಿ ಇದ್ದಂಗ, ಮಳಿ ನೀರು ಅಲ್ಲೇ ನಿಲ್ತೈತಿ, ಒಳಗ ಜಾಯಿಂಟ್ ಬ್ಯಾಡ ಅಂದಿದ್ದು ಇದಕ್ಕ.

ಆದ್ರ ಗರಸು ಹಾಕೋಕಿಂತ ಮೊದ್ಲ, ತಗ್ಗು ತೆರೆದಿರುವಾಗನ, 500 ವೋಲ್ಟ್ ಮೆಗ್ಗರ್ ತರ್ಸಿರಿ. ಲೈಟು, ಮೋಟಾರಿನ ಎಲೆಕ್ಟ್ರಾನಿಕ್ ಕಾರ್ಡು ಎಲ್ಲಾ ಬಿಚ್ಚಿರ್ಬೇಕು, ಇಲ್ಲಂದ್ರ ಸುಡ್ತಾವ. ಕೋರ್ ಕೋರ್ ನಡುವೆ, ಆಮೇಲೆ ಒಂದೊಂದು ಕೋರಿಗೂ ಆರ್ಮರಿಗೂ ಹಚ್ಚಿ ನೋಡ್ರಿ. ಹೊಸ ಕೇಬಲ್ ನೂರಾರು ಮೆಗಾಓಮ್ ತೋರಿಸ್ಬೇಕು, ಒಂದರ ಸುತ್ತಮುತ್ತ ಬಂತಂದ್ರ ಎಲ್ಲೋ ಗಾಯ ಐತಿ ಅಂತ ತಿಳಕೊಂಡು ಮುಚ್ಚಬ್ಯಾಡ್ರಿ. ಮಲ್ಟಿಮೀಟರ್ ಸಾಕು ಅನ್ನೋ ಎಲೆಕ್ಟ್ರಿಷಿಯನ್‌ಗೆ ಚಾ ಕುಡಿಸಿ ಕಳಿಸ್ರಿ, ಅದರ ಬ್ಯಾಟರಿ ಕರೆಂಟಿಗೆ ಈ ಗಾಯ ಕಾಣಂಗಿಲ್ಲ.

ತುದಿಗೆ ಹಿತ್ತಾಳಿ ಡಬಲ್ ಕಂಪ್ರೆಷನ್ ಗ್ಲಾಂಡ್ ಬೇಕು. ಆರ್ಮರ್ ತಂತಿ ಪೂರ್ತಿ ಕೊಯ್ದು ಟೇಪ್ ಸುತ್ತೋರು ಭಾಳ ಮಂದಿ ಅದಾರ. ಹಂಗಲ್ಲ, ಗರಗಸಲೇ ತಂತಿ ಅರ್ಧ ಕೊಯ್ದು ಮುರೀಬೇಕು, ಒಳಗಿನ ತೊಗಲಿಗೆ ಬ್ಲೇಡ್ ತಾಕಬಾರ್ದು. ಆಮೇಲೆ ಗ್ಲಾಂಡಿನ ಶಂಕು ತಂತಿ ಅಡಿಗೆ ತೂರಿಸಿ, ತಂತಿ ಎಲ್ಲಾ ಅದರ ಮ್ಯಾಲ ಛತ್ರಿ ಕಡ್ಡಿಯಂಗ ಹರಡಿ, ನಟ್ ಬಿಗೀಬೇಕು. ಬೋರ್ಡ್ ಕಡೆ ಆರ್ಮರನ್ನೂ ಮೂರನೇ ಕೋರನ್ನೂ ಅರ್ಥಿಂಗಿಗೆ ಸೇರಿಸ್ರಿ, ಆ ಕೋರಿನ ಇನ್ನೊಂದು ತುದಿ ಗೇಟ್ ಕಡೆ ಲೈಟಿನ ಬಾಡಿಗೆ. ಈ ಲೈನಿಗೆ 30 ಮಿಲಿ ಆಂಪ್ ಆರ್‌ಸಿಸಿಬಿ ಬೇಕೇ ಬೇಕು, ಕರೆಂಟ್ ಸೋರಿದ್ರ ತಟ್ಟನ ಬಂದ್ ಮಾಡೋ ಸ್ವಿಚ್ ಅದು. ಎಂಸಿಬಿ (ಲೋಡ್ ಜಾಸ್ತಿ ಆದ್ರ ಬೀಳೋ ಸ್ವಿಚ್) ಐತಲ್ಲ ಅಂದ್ಲು ನಮ್ಮಕ್ಕ. ಎಂಸಿಬಿ ವೈರ್ ಉಳಸ್ತೈತಿ ಅಕ್ಕಾ, ನಿನ್ನನ್ನಲ್ಲ ಅಂದೆ. ಈ ಜೋಡಣಿ ಲೈಸೆನ್ಸ್ ಇದ್ದವರ ಕೈಲೇ ಮಾಡಿಸ್ರಿ.

ಪೇವರ್ಸ್ ವಾಪಸ್ ಇಡೋವಾಗ ಅಕ್ಕಪಕ್ಕದವಕ್ಕಿಂತ ಅರ್ಧ ಇಂಚು ಎತ್ತರ ಇಡ್ರಿ, ತಾನಾಗೇ ಕೂಡ್ತೈತಿ. ತಗ್ಗು ಮುಚ್ಚೋಕಿಂತ ಮೊದ್ಲನ, ಕೇಬಲ್ ಕಾಣುವಾಗ, ಅಳತಿ ಟೇಪ್ ಇಟ್ಟು ಫೋಟೋ ತೆಗೆದಿರ್ರಿ, ಪೇವರ್ಸ್ ಇಟ್ಟ ಮ್ಯಾಲ ಮತ್ತೊಮ್ಮೆ ಮೆಗ್ಗರ್ ಹಚ್ಚಿ ಎರಡೂ ರೀಡಿಂಗ್ ಬೋರ್ಡಿನ ಬಾಗಿಲ ಒಳಗ ಬರ್ದಿಡ್ರಿ. ಸಂದಿಗೆ ಒಣ ಉಸುಕು ಕಸಬರಿಗಿಲೆ ತಳ್ಳಿದ್ರ ಆತು. ಉಳಿದ ಅರ್ಧ ಚೀಲ ಉಸುಕು ಒಗಿಬ್ಯಾಡ್ರಿ, ಎರಡು ಮಳಿ ಬಿದ್ದ ಮ್ಯಾಲ ಸಂದಿಗೆ ಮತ್ತ ಬೇಕಾಗ್ತೈತಿ.