ಟೋಕನ್ ಕೀ ಬಂತು, ಫೈಲ್ ಸರ್ಟಿಫಿಕೇಟ್ ಕೈಕೊಡ್ತು: ಸರಿಮಾಡಿದ್ದು ಹೀಗೆ

ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್, ಸರ್ಟಿಫಿಕೇಟ್ ಕೆಲಸ ಮಾಡೋ ಲೈಬ್ರರಿ) 3.0ನಲ್ಲಿ ಹೊರಗಿನ ಹಾರ್ಡ್‌ವೇರ್ ಜೋಡಿಸೋ ಹಳೆ ಎಂಜಿನ್ ಪದ್ಧತಿ ಡೆಪ್ರಿಕೇಟ್ ಆಯ್ತಲ್ಲ (ಅಂದ್ರೆ ಇನ್ನು ಬಳಸಬೇಡಿ ಅಂದ್ರು), ಅದಕ್ಕೇ ಹಾರ್ಡ್‌ವೇರ್ ಟೋಕನ್‌ನಲ್ಲಿರೋ ಪ್ರೈವೇಟ್ ಕೀ ಬಳಸೋಕೆ ಪಿಕೆಸಿಎಸ್11 ಪ್ರೊವೈಡರ್ (ಟೋಕನ್ ಜತೆ ಮಾತಾಡೋ ಪ್ಲಗಿನ್) ಹಾಕಿದ್ವಿ. ಕೀ ಏನೋ ಬಂತು, ಆದ್ರೆ ಅಲ್ಲೀವರೆಗೂ ತೆಪ್ಪಗೆ ಲೋಡ್ ಆಗ್ತಿದ್ದ ಪೆಮ್ ಫೈಲು (ಸರ್ಟಿಫಿಕೇಟನ್ನ ಟೆಕ್ಸ್ಟ್ ರೂಪದಲ್ಲಿಟ್ಟ ಫೈಲು) 'ಅನ್‌ಸಪೋರ್ಟೆಡ್' ಅಂತ ಮುಷ್ಕರ ಹೂಡ್ತು. ಪಾತ್ ಸರಿ, ಪರ್ಮಿಷನ್ ಸರಿ.

'ಓಪನ್‌ಎಸ್‌ಎಸ್‌ಎಲ್ ಲಿಸ್ಟ್ -ಪ್ರೊವೈಡರ್ಸ್' ಅಂತ ಕೊಟ್ಟಾಗ ಗುಟ್ಟು ರಟ್ಟಾಯ್ತು, ಲಿಸ್ಟ್‌ನಲ್ಲಿ ಡಿಫಾಲ್ಟ್ ಪ್ರೊವೈಡರ್ರೇ ಇಲ್ಲ! ಕಾನ್ಫಿಗ್‌ನಲ್ಲಿ ನಾವಾಗಿ ಬೇರೆ ಪ್ರೊವೈಡರ್ ಆಕ್ಟಿವೇಟ್ ಮಾಡಿದ್ರೆ ಡಿಫಾಲ್ಟ್ ತಾನಾಗೇ ಬರಲ್ಲ, ಫೈಲ್ ಓದೋ ಸ್ಟೋರ್ ಲೋಡರ್ರು, ಪೆಮ್ ಬಿಡಿಸೋ ಡಿಕೋಡರ್ರು ಎಲ್ಲಾ ಅದರೊಳಗೇ ಇರೋದು (ಬೇಸ್ ಪ್ರೊವೈಡರ್‌ನಲ್ಲೂ ಇವೆ, ಆದ್ರೆ ಅದ್ರಲ್ಲಿ ಹ್ಯಾಶ್, ಸೈಫರ್ ಇಲ್ಲ). ಡಿಫಾಲ್ಟ್ ಸೆಕ್ಷನ್‌ನಲ್ಲಿ 'ಆಕ್ಟಿವೇಟ್ = 1' ಸಾಲಿನ ಮುಂದಿದ್ದ # ಗುರುತು (ಅದಿದ್ರೆ ಆ ಸಾಲು ಲೆಕ್ಕಕ್ಕಿಲ್ಲ) ತೆಗೆದೆ, ಫೈಲ್ ಓದ್ತು. ಇದನ್ನ ಎರರ್ ಮೆಸೇಜಲ್ಲೇ ಹೇಳಿದ್ರೆ ಏನಾಗ್ತಿತ್ತೋ!

ಇನ್ನೊಂದು, ಟೋಕನ್ ಯುಆರ್‌ಐನಲ್ಲಿ (ಟೋಕನ್‌ನಲ್ಲಿರೋ ಕೀಯ ವಿಳಾಸ) ಭಾಗಗಳ ಮಧ್ಯೆ ಸೆಮಿಕೋಲನ್ ಇರುತ್ತೆ, ಶೆಲ್ ಅದನ್ನ ಕಮ್ಯಾಂಡ್ ಮುಗೀತು ಅಂತ ತಿಳ್ಕೊಳ್ಳುತ್ತೆ, ಅದಕ್ಕೆ ಪೂರ್ತಿ ಯುಆರ್‌ಐ ಕೋಟ್ಸ್ ಒಳಗಿರ್ಲಿ. ಲೇಬಲ್‌ನಲ್ಲಿ ಸ್ಪೇಸ್ ಇದ್ರೆ ಅದರ ಜಾಗಕ್ಕೆ %20 ಹಾಕಿ.

ಕೋಡ್‌ನಲ್ಲೂ ಒಂದು ಬದಲಾವಣೆ ಬೇಕಾಯ್ತು. ಫೈಲ್‌ನಲ್ಲಿರೋದನ್ನ ಒಂದೊಂದಾಗಿ ಕೊಡೋ ಸ್ಟೋರ್ ಲೋಡ್ ಫಂಕ್ಷನ್ನು ನಲ್ (ಖಾಲಿ ಉತ್ತರ) ಕೊಟ್ಟ ತಕ್ಷಣ ಎಲ್ಲಾ ಮುಗೀತು ಅಂತಲ್ಲ, ಮಧ್ಯದ ಒಂದು ಐಟಂ ಎರರ್ ಆದ್ರೂ ನಲ್ಲೇ ಬರುತ್ತೆ, ಹಾಗಾಗಿ ಲೂಪ್ ನಿಲ್ಲಿಸೋದು ಇಒಎಫ್ (ಓದೋದು ಮುಗೀತಾ ಅನ್ನೋ) ಚೆಕ್ ಮೇಲೆ ಇರ್ಬೇಕು. ಹಾಗೆ ಬದಲಾಯಿಸಿದ್ಮೇಲೆ ಚೈನ್‌ನಲ್ಲಿದ್ದ ಇಂಟರ್‌ಮೀಡಿಯೆಟ್ (ನಮ್ಮ ಸರ್ಟಿಫಿಕೇಟಿಗೂ ಮೂಲ ಸರ್ಟಿಫಿಕೇಟಿಗೂ ಮಧ್ಯದ) ಸರ್ಟಿಫಿಕೇಟೂ ಬಂತು.