ಧಾರ್ಮಿಕ ಸೇವಾ ಟ್ರಸ್ಟ್ ನಡೆಸೋದು: ಕಾರ್ಯದರ್ಶಿಯಾಗಿ ನನ್ನ ಅನುಭವ

ನಮ್ಮಂಥ ಟ್ರಸ್ಟ್‌ಗಳಲ್ಲಿ ಮೀಟಿಂಗ್ ಹೇಗೆ ನಡೆಯುತ್ತೆ ಅಂತ ಒಳಗಿದ್ದೋರಿಗೆ ಗೊತ್ತೇ ಇರುತ್ತೆ. ಗುರುಗಳು ಬಂದು ಕೂರ್ತಾರೆ, ಒಂದು ಮಾತು ಅಪ್ಪಣೆ ಕೊಡಿಸ್ತಾರೆ, ಎಲ್ರೂ ತಲೆ ಆಡಿಸ್ತೀವಿ, ಮಿನಿಟ್ಸ್ ಬುಕ್ಕಲ್ಲಿ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಅಂತ ಬರೆದು ಸಹಿ ಹಾಕಿಸಿ ಎದ್ದು ಹೋಗೋದು. ನಾನು ಕಾರ್ಯದರ್ಶಿ ಆದಾಗಲೂ ಹೀಗೇ ಇತ್ತು. ನಮ್ಮದು ಕಾಯಿಲೆ ಕೊನೆ ಹಂತಕ್ಕೆ ಬಂದವ್ರನ್ನ, ಹಾಸಿಗೆ ಹಿಡಿದವ್ರನ್ನ ನೋಡ್ಕೊಳ್ಳೋ ಕೆಲಸ, ಜೊತೆಗೆ ಪ್ರವಾಹ ಗಿವಾಹ ಬಂದ್ರೆ ಪರಿಹಾರದ ಕೆಲಸ. ಗುರುಗಳು ನಿಜಕ್ಕೂ ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅದೇ ತೊಂದ್ರೆ ನೋಡಿ. ಕೆಟ್ಟೋರ ಎದುರು ನಿಂತು ಪ್ರಶ್ನೆ ಕೇಳೋಕೆ ಜನ ಸಿಗ್ತಾರೆ, ಒಳ್ಳೆಯವ್ರ ಎದುರು "ಬುದ್ಧೀ, ಇದಕ್ಕೆ ದುಡ್ಡಿಲ್ಲ" ಅನ್ನೋಕೆ ಯಾರೂ ಸಿಗಲ್ಲ.

ಮೊದಲು ನಾನು ಕೈ ಹಾಕಿದ್ದು ಇದಕ್ಕೇ. ಮೀಟಿಂಗಲ್ಲಿ ಎಲ್ರ ಮುಂದೆ ಹೇಳೋ ವಿಷಯ ಅಲ್ಲ ಇದು, ಹಾಗಾಗಿ ಗುರುಗಳು ಒಬ್ರೇ ಇದ್ದಾಗ ಹೋಗಿ ಕೂತು, ತಾವು ಕೊನೆಗೆ ಮಾತಾಡಿದ್ರೆ ಚೆನ್ನಾಗಿರುತ್ತೆ, ಮೊದಲು ನರ್ಸ್ ಮಾತಾಡ್ಲಿ, ಆಮೇಲೆ ಲೆಕ್ಕದವ್ರು, ಆಮೇಲೆ ಉಳಿದ ಟ್ರಸ್ಟಿಗಳು ಅಂತ ಹೇಳ್ದೆ. ಅವ್ರು ಜೋರಾಗಿ ನಕ್ಕು "ನಾನು ಬಾಯಿ ಬಿಟ್ರೆ ನಿಮ್ಮೆಲ್ಲರ ಬಾಯಿ ಮುಚ್ಚುತ್ತೆ ಅಂತೀಯ" ಅಂದ್ರು. ಹೌದು ಅಂದೆ. ಮುಂದಿನ ಮೀಟಿಂಗಿಂದ ಅವ್ರು ಹಾಗೇ ಮಾಡಿದ್ರು, ಮತ್ತೆ ಮೊದಮೊದಲು ಎಲ್ರೂ ಅವ್ರ ಮುಖ ನೋಡ್ಕೊಂಡು ಮಾತಾಡ್ತಿದ್ದದ್ದಕ್ಕೆ ಅವ್ರೇ ಕಣ್ಣು ಮುಚ್ಕೊಂಡು ಕೂರೋಕೆ ಶುರು ಮಾಡಿದ್ರು! ಧ್ಯಾನ ಅಂದ್ಕೊಂಡವ್ರೂ ಇದ್ರು. ಕಾಗದ ಪತ್ರ ಎಲ್ಲ ಮೀಟಿಂಗಿಗೆ ಒಂದು ವಾರ ಮುಂಚೆ ಕಳಿಸೋ ರೂಢಿನೂ ಆಗಲೇ ಮಾಡಿದ್ದು, ಯಾಕಂದ್ರೆ ಅಲ್ಲೇ ಕೈಗೆ ಕೊಟ್ಟ ಕಾಗದವನ್ನ ಯಾರೂ ಓದಲ್ಲ.

ಆಮೇಲೆ ಟ್ರಸ್ಟಿಗಳು ಯಾರಿರ್ಬೇಕು ಅನ್ನೋದು. ನಮ್ಮಲ್ಲಿ ಇದ್ದೋರೆಲ್ಲ ಹಳೇ ಭಕ್ತರು ಇಲ್ಲಾ ದೊಡ್ಡ ದಾನಿಗಳು. ಅವ್ರನ್ನ ತೆಗೀರಿ ಅಂದ್ರೆ ಜಗಳ, ಹಾಗಾಗಿ ಅವಧಿ ಮುಗಿದವ್ರ ಜಾಗಕ್ಕೆ ಒಬ್ಬೊಬ್ರನ್ನೇ ಬೇರೆ ಥರದವ್ರನ್ನ ತಂದ್ವಿ: ನೋವು ಶಮನದ ಕೆಲಸ ಗೊತ್ತಿರೋ ಡಾಕ್ಟರ್ ಒಬ್ರು, ಆಡಿಟ್ ಗೊತ್ತಿರೋರು ಒಬ್ರು, ನಮ್ಮ ಧರ್ಮದವ್ರಲ್ಲದ ಒಬ್ರು (ಇದಕ್ಕೆ ಸ್ವಲ್ಪ ಗುಸುಗುಸು ಆಯ್ತು, ಆಮೇಲೆ ತಣ್ಣಗಾಯ್ತು), ಮತ್ತೆ ನಮ್ಮಿಂದ ಸೇವೆ ಪಡೆದ ಕುಟುಂಬದ ಒಬ್ಬ ಹೆಣ್ಣುಮಗಳು. ಆಕೆ ಬಂದದ್ದು ನಮಗೆ ಆದ ದೊಡ್ಡ ಲಾಭ. ಎರಡು ಮೀಟಿಂಗ್ ಸುಮ್ನೆ ಕೂತಿದ್ದೋರು ಮೂರನೇದ್ರಲ್ಲಿ ಹೇಳಿದ್ರು, "ನೀವು ನಮ್ಮನೆಗೆ ಬರೋವಾಗ ಐದಾರು ಜನ ಒಟ್ಟಿಗೆ ಬರ್ತಿದ್ರಿ ಸಾರ್. ಬಂದಷ್ಟು ಹೊತ್ತೂ ನಮ್ಮಪ್ಪ ಹೊದಿಕೆ ಎಳ್ಕೊಳ್ಳೋದೇ ಆಗ್ತಿತ್ತು. ಕಾಲು ಕಾಣುತ್ತೆ, ಪೈಪ್ ಕಾಣುತ್ತೆ ಅಂತ. ನೀವು ಹೋದ್ಮೇಲೆ ನಿದ್ದೆ ಮಾಡ್ತಿದ್ರು." ನಾವು ಅದನ್ನ ಸೇವಾ ಭೇಟಿ ಅಂತ ವರದಿಲಿ ಬರೀತಿದ್ವಿ, ಫೋಟೋ ಸಮೇತ. ಅವತ್ತಿಂದ ಮನೆಗೆ ಹೋಗೋದು ಇಬ್ರೇ, ಮುಂಚೆ ಫೋನ್ ಮಾಡಿ, ಮತ್ತೆ ಕ್ಯಾಮೆರಾ ಇಲ್ಲ. ಫೋಟೋ ಬೇಕೇ ಬೇಕು ಅನ್ನೋ ದಾನಿಗಳಿಗೆ ಕಟ್ಟಡದ ಫೋಟೋ, ಕೆಲಸ ಮಾಡೋ ಕೈಗಳ ಫೋಟೋ ಕಳಿಸ್ತೀವಿ, ಬೇಜಾರಾದವ್ರು ಆದ್ರು.

ದುಡ್ಡಿನ ವಿಷಯಕ್ಕೆ ಬರ್ತೀನಿ. ಧಾರ್ಮಿಕ ಸಂಸ್ಥೆಗೆ ಹಣ ಎರಡು ದಾರೀಲಿ ಬರುತ್ತೆ, ಗುರುಗಳ ಮೇಲಿನ ಭಕ್ತಿಗೆ ಕೊಡೋದು ಒಂದು, ರೋಗಿಗಳಿಗೆ ಅಂತ ಕೊಡೋದು ಇನ್ನೊಂದು, ಎರಡೂ ಒಂದೇ ಹುಂಡಿಗೆ ಬಿದ್ರೆ ಮುಗೀತು ಕಥೆ. ಇದಕ್ಕೆ ನಾನು ಕೊಡ್ತಿದ್ದ ಉದಾಹರಣೆ ರಾಮಕೃಷ್ಣ ಮಿಷನ್‌ದು. ವಿವೇಕಾನಂದರು 1897ರ ಮೇ 1ಕ್ಕೆ ಶುರು ಮಾಡಿದ ಸಂಸ್ಥೆ, 1909ರಲ್ಲಿ ಸೊಸೈಟಿ ಆಗಿ ನೋಂದಣಿ ಆಯ್ತು. ಕಲ್ಕತ್ತೆ ಹತ್ರ ಇರೋ ಬೇಲೂರು ಮಠದ (ಅಲ್ಲಿನ ಸನ್ಯಾಸಿಗಳ ಸಂಘ) ಟ್ರಸ್ಟಿಗಳೇ ಮಿಷನ್‌ನ ಆಡಳಿತ ಮಂಡಳಿಯಲ್ಲೂ ಇರೋದು, ಅಂದ್ರೆ ಜನ ಅವ್ರೇ, ಆದ್ರೂ ಮಠ ಬೇರೆ ಮಿಷನ್ ಬೇರೆ, ಲೆಕ್ಕ ಬೇರೆ ಬೇರೆ, ಆಡಿಟ್ಟೂ ಆಗುತ್ತೆ. ಸನ್ಯಾಸಿಗಳೇ ಹೀಗೆ ಬೇರೆ ಇಟ್ಕೊಂಡಿರೋವಾಗ ನಮಗೇನು ಕಷ್ಟ ಅಂತ ಕೇಳಿದ್ರೆ ಯಾರೂ ಎದುರು ಮಾತಾಡಲ್ಲ. ಇನ್ನೊಂದು ತೈವಾನಿನ ತ್ಸು ಚಿ. 1966ರಲ್ಲಿ ಚೆಂಗ್ ಯೆನ್ ಅನ್ನೋ ಬೌದ್ಧ ಸನ್ಯಾಸಿನಿ ಹ್ವಾಲಿಯೆನ್‌ನಲ್ಲಿ ಶುರು ಮಾಡಿದ್ದು, ಮೂವತ್ತು ಜನ ಗೃಹಿಣಿಯರು ಬಿದಿರಿನ ಡಬ್ಬಿಗೆ ದಿನಾ ಚಿಲ್ಲರೆ ಹಾಕ್ತಾ ಬೆಳೆಸಿದ್ದು, ಇವತ್ತು ದೊಡ್ಡ ಸಂಸ್ಥೆ. ಅಲ್ಲಿ ಆಶ್ರಮದ ಸನ್ಯಾಸಿನಿಯರು ತಮ್ಮ ಹೊಟ್ಟೆಪಾಡನ್ನ ತಾವೇ ದುಡಿದು ನೋಡ್ಕೊಳ್ತಾರೆ, ದಾನದ ಹಣ ಅವ್ರ ಖರ್ಚಿಗೆ ಹೋಗಲ್ಲ. ಇದನ್ನ ಹೇಳಿದಾಗ ನಮ್ಮ ಗುರುಗಳು ಬಹಳ ಹೊತ್ತು ಸುಮ್ನಿದ್ದು, ತಮ್ಮ ಓಡಾಟದ ಖರ್ಚನ್ನ ಸೇವಾ ಟ್ರಸ್ಟಿಂದ ತೆಗೀಬೇಡಿ ಅಂದ್ರು. ನಾನು ಅಷ್ಟು ಕೇಳೋಕೆ ಹೋಗಿರ್ಲಿಲ್ಲ.

ಚೆಕ್ಕಿಗೆ ಇಬ್ರ ಸಹಿ, ಆ ಇಬ್ರೂ ಒಂದೇ ಮನೆಯವ್ರಾಗಿರ್ಬಾರ್ದು. ಯಾವುದೇ ಟ್ರಸ್ಟಿ ಅಥವಾ ಅವ್ರ ನೆಂಟರ ವ್ಯಾಪಾರದಿಂದ ನಾವೇನಾದ್ರೂ ಕೊಳ್ಳೋ ಮಾತು ಬಂದ್ರೆ ಅವ್ರು ಮೊದಲೇ ಬರೆದು ಕೊಟ್ಟು, ಆ ಚರ್ಚೆ ಮುಗಿಯೋವರ್ಗೆ ಹೊರಗೆ ಕೂರ್ಬೇಕು. ಇದನ್ನ ಅನುಮಾನ ಅಂತ ತಗೊಂಡ್ರೆ ಕಷ್ಟ, ಹಾಗಾಗಿ ಮೊದಲ ಅರ್ಜಿ ನನ್ನದೇ ಕೊಟ್ಟೆ. ನನ್ನ ತಮ್ಮ ಪ್ರಿಂಟಿಂಗ್ ಮಾಡಿಸ್ತಾನೆ, ರಸೀದಿ ಪುಸ್ತಕ ಅವನ ಹತ್ರನೇ ಆಗ್ತಿತ್ತು. ಹೊರಗೆ ಹೋಗಿ ಕೂತೆ, ಅವ್ರು ಬೇರೆಯವ್ರಿಗೆ ಕೊಟ್ರು, ತಮ್ಮ ಒಂದಷ್ಟು ದಿನ ಫೋನ್ ಎತ್ಲಿಲ್ಲ. ಅದಾದ್ಮೇಲೆ ಬೇರೆಯವ್ರು ಹೊರಗೆ ಹೋಗೋಕೆ ಮುಖ ಸಿಂಡರಿಸೋದು ನಿಂತೋಯ್ತು.

ಇನ್ನು ಇಂಥದ್ದಕ್ಕೇ ಅಂತ ಹೇಳಿ ಕೊಡೋ ದಾನ. ಹಾಸಿಗೆ ಕೊಡಿಸ್ತೀನಿ ಹೆಸರು ಹಾಕ್ಸಿ ಅಂತಾರೆ, ಕೋಣೆ ಕಟ್ಟಿಸ್ತೀನಿ ಅಂತಾರೆ, ರಾತ್ರಿ ಪಾಳಿ ನರ್ಸಿಗೆ ಸಂಬಳ ಕೊಡ್ತೀನಿ ಅನ್ನೋರು ಬಹಳ ಕಮ್ಮಿ, ಸಂಬಳಕ್ಕೆ ಹೆಸರು ಹಾಕೋಕಾಗಲ್ವಲ್ಲ. ಹಾಸಿಗೆಗೆ ಅಂತ ಬಂದದ್ದನ್ನ ಸಂಬಳಕ್ಕೆ ತಿರುಗಿಸೋ ಹಾಗಿಲ್ಲ, ತಿರುಗಿಸಿದ್ರೆ ಅದು ಮೋಸ, ಉದ್ದೇಶ ಎಷ್ಟೇ ಒಳ್ಳೇದಿರ್ಲಿ. ನಾವು ರಸೀದಿಯಲ್ಲೇ ಎರಡು ಖಾನೆ ಮಾಡಿದ್ವಿ, ಇಂಥದ್ದಕ್ಕೇ ಅನ್ನೋದು ಒಂದು, ಎಲ್ಲಿ ಬೇಕೋ ಅಲ್ಲಿ ಬಳಸಿ ಅನ್ನೋದು ಇನ್ನೊಂದು, ಮತ್ತೆ ದೊಡ್ಡ ದಾನ ಕೊಡೋಕೆ ಬಂದವ್ರನ್ನ ಮೊದಲು ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಹತ್ರ ಕೂರಿಸಿ ಮಾತಾಡಿಸಿ ಆಮೇಲೆ ಆಫೀಸಿಗೆ ಕರ್ಕೊಂಡು ಬರೋದು ರೂಢಿ ಮಾಡಿದ್ವಿ. ಮೇಟ್ರನ್ ಯಾವತ್ತೂ ದುಡ್ಡು ಕೇಳಲ್ಲ, ರಾತ್ರಿ ಹೇಗೆ ಕಳೆಯುತ್ತೆ ಅಂತ ಹೇಳ್ತಾರೆ ಅಷ್ಟೇ. ಕೆಲವ್ರು ಖಾನೆ ಬದಲಾಯಿಸ್ತಾರೆ. ಒಂದೆರಡು ದೊಡ್ಡ ದಾನಗಳನ್ನ ಬೇಡ ಅಂದದ್ದೂ ಇದೆ, ಇಂಥ ಜಾತಿಯವ್ರಿಗೆ ಮಾತ್ರ ಅಂತ ಷರತ್ತು ಹಾಕಿದ್ರು.

ಈ ಷರತ್ತಿನ ವಿಷಯದಲ್ಲಿ ನಮಗೆ ಬೆನ್ನೆಲುಬಾಗಿದ್ದು ರೆಡ್ ಕ್ರಾಸ್ ಮತ್ತೆ ಪರಿಹಾರ ಸಂಸ್ಥೆಗಳು ಸೇರಿ 1994ರಲ್ಲಿ ಮಾಡಿದ ನೀತಿ ಸಂಹಿತೆ. ಹತ್ತು ಅಂಶ ಇರೋದು, ಅದರಲ್ಲಿ ಒಂದು ಜನಾಂಗ, ಮತ, ದೇಶ ನೋಡ್ದೆ ಅಗತ್ಯ ಮಾತ್ರ ನೋಡಿ ನೆರವು ಕೊಡ್ಬೇಕು ಅಂತ, ಇನ್ನೊಂದು ನೆರವನ್ನ ರಾಜಕೀಯಕ್ಕಾಗ್ಲಿ ಧರ್ಮಕ್ಕಾಗ್ಲಿ ಬಳಸ್ಬಾರ್ದು ಅಂತ. ಪ್ರವಾಹದ ಕ್ಯಾಂಪ್‌ಗಳಲ್ಲಿ ನಾವು ಪುಸ್ತಕ, ಪಟ ಹಂಚೋದನ್ನ ನಿಲ್ಲಿಸಿದ್ದು ಇದನ್ನ ಓದಿದ್ಮೇಲೆ, ಹಸಿದವ್ನು ಬೇಡ ಅನ್ನಲ್ಲ, ತಗೊಳ್ತಾನೆ, ಅದು ಒಪ್ಪಿಗೆ ಆಗಲ್ಲ. 1997ರಲ್ಲಿ ಶುರುವಾದ ಸ್ಫಿಯರ್ ಮಾನದಂಡಗಳನ್ನೂ (ಪರಿಹಾರ ಕೆಲಸದಲ್ಲಿ ಕನಿಷ್ಠ ಇಷ್ಟಿರ್ಬೇಕು ಅನ್ನೋ ಅಳತೆಗಳು) ಗೋಡೆಗೆ ಅಂಟಿಸಿದ್ವಿ: ಒಬ್ರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಲೆಗೆ 3.5 ಚದರ ಮೀಟರ್ ನೆರಳಿನ ಜಾಗ, 20 ಜನಕ್ಕೆ ಒಂದು ಶೌಚಾಲಯ. ಮುಂಚೆ ನಾವು "ಇಷ್ಟು ಸಾವಿರ ಕಂಬಳಿ ಹಂಚಿದ್ವಿ" ಅಂತ ಲೆಕ್ಕ ಹೇಳ್ತಿದ್ವಿ. ಈಗ ಕ್ಯಾಂಪಿಂದ ಫೋನ್ ಬಂದ್ರೆ ಮೊದಲ ಪ್ರಶ್ನೆ ಶೌಚಾಲಯ ಎಷ್ಟು ಅಂತ. ಧಾರ್ಮಿಕ ಟ್ರಸ್ಟಿನ ಮೀಟಿಂಗಲ್ಲಿ ಅರ್ಧ ಗಂಟೆ ಶೌಚಾಲಯದ ಚರ್ಚೆ ನಡೆದ್ರೆ ಆ ಟ್ರಸ್ಟ್ ಸರಿ ದಾರೀಲಿದೆ ಅಂತ ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಕಷ್ಟ ಆಗಿದ್ದು ನೋವಿನ ವಿಷಯ. ಎಲ್ಲ ಧರ್ಮದಲ್ಲೂ ನೋವಿಗೆ ಒಂದು ಅರ್ಥ ಇದೆ, ಕರ್ಮ ಕಳಿಯುತ್ತೆ ಅನ್ನೋರು, ದೇವ್ರ ಪರೀಕ್ಷೆ ಅನ್ನೋರು, ಸಹಿಸಿದಷ್ಟು ಪುಣ್ಯ ಅನ್ನೋರು. ಕೂತು ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ಮೂಳೆಗೆ ಕ್ಯಾನ್ಸರ್ ಇಳಿದವ್ರು ಮಗ್ಗುಲು ಬದಲಾಯಿಸೋಕಾಗ್ದೆ ಹಲ್ಲು ಕಚ್ಕೊಂಡು ಮಲಗಿರೋವಾಗ ಈ ಮಾತು ಯಾರ ಬಾಯಿಂದ ಬಂದ್ರೂ ಅದು ಕ್ರೌರ್ಯನೇ. ನಮ್ಮ ಕೆಲವು ಹಳೇ ಸ್ವಯಂಸೇವಕರಿಗೆ ಮಾರ್ಫಿನ್ ಅನ್ನೋ ಬಲವಾದ ನೋವಿನ ಔಷಧಿ ಅಂದ್ರೆ ಭಯ, ಪ್ರಜ್ಞೆ ಮಂಕಾಗುತ್ತೆ, ಕೊನೆಗಾಲದಲ್ಲಿ ದೇವ್ರ ನಾಮಸ್ಮರಣೆ ತಪ್ಪುತ್ತೆ ಅಂತ. ಅವ್ರಿಗೆ ನಾನು ಸಿಸಿಲಿ ಸಾಂಡರ್ಸ್ ಕಥೆ ಹೇಳ್ತಿದ್ದೆ. ಆಕೆ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್ ಓದಿದವ್ರು, ಆಳವಾದ ಕ್ರೈಸ್ತ ಶ್ರದ್ಧೆಯವ್ರು, 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆ ಹಂತದ ರೋಗಿಗಳನ್ನ ನೋಡ್ಕೊಳ್ಳೋ ಮನೆ) ತೆರೆದ್ರು. ನೋವು ಮತ್ತೆ ಬರೋವರ್ಗೆ ಕಾಯ್ಬೇಡಿ, ಗಡಿಯಾರ ನೋಡಿ ಮಾರ್ಫಿನ್ ಕೊಡಿ ಅನ್ನೋದು ಅವ್ರ ಪದ್ಧತಿ. ದೇಹದ ನೋವು, ಮನಸ್ಸಿನ ನೋವು, ಮನೆಮಂದಿಯ ಚಿಂತೆ, ಆತ್ಮದ ಸಂಕಟ ಎಲ್ಲ ಒಂದಕ್ಕೊಂದು ಹೆಣೆದಿರುತ್ತೆ ಅಂತ ಹೇಳಿದವ್ರೂ ಅವ್ರೇ. ಶ್ರದ್ಧೆ ಇರೋರೇ ಹೀಗೆ ಮಾಡಿದ್ದು, ಅದನ್ನ ಒತ್ತಿ ಹೇಳ್ತಿದ್ದೆ.

ಇನ್ನೊಂದು ಕಡೆ 1994ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಕಲ್ಕತ್ತೆಯಲ್ಲಿ ಮದರ್ ತೆರೇಸಾರ ಸಾಯೋರ ಮನೆ ನೋಡಿ ಬಂದು ಬರೆದ ಲೇಖನ ಇದೆ. ಅಲ್ಲಿನ ಸ್ವಚ್ಛತೆ, ಗಾಯ ತೊಳೆಯೋ ರೀತಿ, ಪ್ರೀತಿ ಎಲ್ಲ ಮೆಚ್ಚಿದ್ದಾರೆ, ಜೊತೆಗೆ ಬಲವಾದ ನೋವಿನ ಔಷಧಿ ಇಲ್ಲ ಅನ್ನೋದನ್ನೂ ಬರೆದಿದ್ದಾರೆ. ಅದನ್ನ ಟ್ರಸ್ಟಿಗಳಿಗೆ ಓದಿಸಿದೆ, ಯಾರನ್ನೋ ಹಳಿಯೋಕಲ್ಲ, ಎಷ್ಟೇ ದೊಡ್ಡ ಹೆಸರಿದ್ರೂ ಹೊರಗಿಂದ ಡಾಕ್ಟರೊಬ್ರು ಬಂದು ನೋಡ್ಬೇಕು ಅಂತ ತೋರ್ಸೋಕೆ. ಆಮೇಲೆ ಗುರುಗಳ ಬಾಯಿಂದಲೇ ಒಂದು ಮಾತು ಹೇಳಿಸಿದ್ವಿ, ಮೊದಲು ಔಷಧಿ, ಆಮೇಲೆ ಪ್ರಾರ್ಥನೆ, ಅದೂ ಅವ್ರು ಕೇಳಿದ್ರೆ. ನಾನು ನೂರು ಸಲ ಹೇಳಿದ್ರೂ ಆಗದ್ದು ಅವ್ರು ಒಂದ್ಸಲ ಹೇಳಿದ್ರೆ ಆಯ್ತು, ಗುರುಗಳ ಮಾತಿನ ಬಲ ಎಲ್ಲಿ ಬೇಕೋ ಅಲ್ಲಿ ಬಳಸ್ಬೇಕು ನೋಡಿ. ಈಗ ದಾಖಲಾತಿ ಫಾರ್ಮಲ್ಲೇ ಪ್ರಶ್ನೆ ಇದೆ: ಪ್ರಾರ್ಥನೆ ಬೇಕಾ, ಯಾವ ಧರ್ಮದ್ದು, ಯಾರು ಮಾಡ್ಬೇಕು. ಬೇಡ ಅಂತ ಬರೆದವ್ರ ಮಂಚದ ಹತ್ರ ಯಾರೂ ಗ್ರಂಥ ಹಿಡ್ಕೊಂಡು ಹೋಗೋ ಹಾಗಿಲ್ಲ.

ಕೆಲಸಗಾರರ ಬಗ್ಗೆ ಧಾರ್ಮಿಕ ಸಂಸ್ಥೆಗಳಿಗೆ ಒಂದು ಕುರುಡು ಇರುತ್ತೆ. ಸೇವೆ ಅಂತ ಹೇಳಿ ಕಮ್ಮಿ ಸಂಬಳ, ರಜೆ ಕೇಳಿದ್ರೆ ಶ್ರದ್ಧೆ ಕಮ್ಮಿ ಅನ್ನೋ ಮುಖಭಾವ. 2022ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಕಾರಿತಾಸ್ ಇಂಟರ್‌ನ್ಯಾಷನಾಲಿಸ್ ಅನ್ನೋ ಕ್ಯಾಥೊಲಿಕ್ ಸೇವಾ ಸಂಸ್ಥೆಗಳ ಒಕ್ಕೂಟದ ಇಡೀ ನಾಯಕತ್ವವನ್ನ ಒಂದೇ ಆದೇಶದಲ್ಲಿ ಇಳಿಸಿ ತಾತ್ಕಾಲಿಕ ಆಡಳಿತಗಾರರನ್ನ ಕೂರಿಸಿದ್ರು. ಹೊರಗಿನವ್ರು ಮಾಡಿದ ಪರಿಶೀಲನೆಯಲ್ಲಿ ದುಡ್ಡಿನ ಅವ್ಯವಹಾರ ಸಿಕ್ಕಿರ್ಲಿಲ್ಲ, ಸಿಕ್ಕಿದ್ದು ಆಡಳಿತದ ಲೋಪ, ಸಿಬ್ಬಂದಿಯ ಮನೋಸ್ಥೈರ್ಯ ಕುಸಿದಿದ್ದು. ನಾನು ಆ ಸುದ್ದಿ ಪ್ರಿಂಟ್ ತೆಗೆದು ಟ್ರಸ್ಟಿಗಳಿಗೆ ಹಂಚಿದೆ, ಲೆಕ್ಕ ಸರಿ ಇದ್ರೆ ಸಾಕು ಅನ್ನೋರ ಬಾಯಿ ಕಟ್ಟೋಕೆ. ನಮ್ಮಲ್ಲಿ ದೂರು ತಗೊಳ್ಳೋಕೆ ಸಂಸ್ಥೆಯ ಹೊರಗಿನ ಒಬ್ರನ್ನ ನೇಮಿಸಿದ್ವಿ, ನನ್ನ ಮೇಲಿನ ದೂರೂ ಅವ್ರಿಗೇ ಹೋಗುತ್ತೆ, ಹೋಗಿದೆ ಕೂಡ. ವಾರ್ಡಲ್ಲಿ ಯಾರಾದ್ರೂ ತೀರ್ಕೊಂಡ್ರೆ ಆ ಪಾಳಿಯವ್ರು ಮನೆಗೆ ಹೋಗೋ ಮುಂಚೆ ಸ್ವಲ್ಪ ಹೊತ್ತು ಕೂತು ಮಾತಾಡ್ತಾರೆ, ಇಷ್ಟ ಇಲ್ದಿದ್ರೆ ಸುಮ್ನೆ ಕೂರ್ತಾರೆ. ಇದಕ್ಕೆ ಖರ್ಚೇನೂ ಇಲ್ಲ, ಬಿಟ್ಟು ಹೋಗೋರು ಮಾತ್ರ ಕಮ್ಮಿ ಆದ್ರು.

ಅಧಿಕಾರದ ಅವಧಿ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಎರಡು ಅವಧಿ ಆದ್ಮೇಲೆ ಯಾರೇ ಆಗ್ಲಿ ಇಳೀಬೇಕು ಅಂತ ಬೈಲಾದಲ್ಲಿ ಬರೆಸಿದ್ವಿ, ನನ್ನದೂ ಈ ವರ್ಷ ಮುಗಿಯುತ್ತೆ. ಗುರುಗಳ ನಂತರ ಯಾರು ಅನ್ನೋದು ಪೀಠದ ವಿಷಯ, ಅದರಲ್ಲಿ ಸೇವಾ ಟ್ರಸ್ಟ್ ತಲೆ ಹಾಕಲ್ಲ, ಆದ್ರೆ ಯಾರೇ ಬಂದ್ರೂ ಮೀಟಿಂಗಲ್ಲಿ ಕೊನೆಗೆ ಮಾತಾಡೋ ಪದ್ಧತಿಯನ್ನ ಗುರುಗಳೇ ತಮ್ಮ ಕೈಯಾರೆ ಬರೆದುಕೊಟ್ಟಿದ್ದಾರೆ, ಫೈಲಲ್ಲಿದೆ. ಹೊಸ ಕಾರ್ಯದರ್ಶಿ ಆಗೋರು ಈಗಾಗ್ಲೇ ನನ್ನ ಜೊತೆ ಕೂತು ಕಲೀತಿದ್ದಾರೆ. ಖಜಾಂಚಿ ಮಾತ್ರ ಇನ್ನೂ ಸಿಕ್ಕಿಲ್ಲ. ರೋಗಿ ಪಕ್ಕ ಕೂತು ಕೈ ಹಿಡ್ಕೊಳ್ಳೋಕೆ ದಿನಾ ಜನ ಬರ್ತಾರೆ, ಲೆಡ್ಜರ್ ಹಿಡ್ಕೊಳ್ಳೋಕೆ ಒಬ್ರೂ ಬರ್ತಿಲ್ಲ.