ಯಹೂದಿ ಮನೆಯಲ್ಲಿ ಯಾರಾದರೂ ತಾವೇ ಜೀವ ಕಳೆದುಕೊಂಡರೆ: ಹಲಾಖಾ (ಯಹೂದಿ ಧರ್ಮನಿಯಮ) ಪ್ರಕಾರ ಮಾಡಬೇಕಾದ್ದೇನು

ಇಸ್ರೇಲಿನ ಮನೆಗಳಲ್ಲಿ ವೃದ್ಧರ ಆರೈಕೆ ಮಾಡುವ ನಮ್ಮ ಕರಾವಳಿಯವರು ಬಹಳ. ಅವರಿಗೆ ಇದು ತಿಳಿದಿರಲೇಬೇಕು.

ಉಸಿರಿದ್ದರೆ ತಕ್ಷಣ 101ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ. ಶಬ್ಬಾತ್, ಅಂದರೆ ಕೆಲಸ ನಿಷಿದ್ಧವಾದ ವಾರದ ಪವಿತ್ರ ದಿನವೆಂದು ಹಿಂಜರಿಯಬೇಡಿ. ಜೀವ ಉಳಿಸುವುದರ ಮುಂದೆ ಶಬ್ಬಾತಿನ ನಿಯಮ ನಿಲ್ಲುವುದಿಲ್ಲ. ಇಂಥ ಹೊತ್ತಿನಲ್ಲಿ ಅನುಮತಿ ಕೇಳುತ್ತ ಕೂತವನು ರಕ್ತ ಚೆಲ್ಲಿದವನಂತೆ ಎನ್ನುತ್ತದೆ 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಧರ್ಮಸಂಹಿತೆ ‘ಶುಲ್ಖಾನ್ ಅರುಖ್’.

ಜೀವ ಹೋಗಿದ್ದರೆ ರಬ್ಬಿಗೂ (ಯಹೂದಿ ಧರ್ಮಗುರು) ಅಂತ್ಯಕ್ರಿಯೆ ನಡೆಸುವ ‘ಹೆವ್ರಾ ಕಡೀಶಾ’ ಸಂಘಕ್ಕೂ ತಿಳಿಸಬೇಕು. ಮನೆಯವರು ತಾವೇ ‘ಆತ್ಮಹತ್ಯೆ’ ಎಂದು ತೀರ್ಮಾನಿಸಬಾರದು. ಬುದ್ಧಿಪೂರ್ವಕ ಜೀವ ಕಳೆದುಕೊಂಡವರಿಗೆ ಶೋಕಾಚರಣೆ ಇಲ್ಲವೆಂಬ ಹಳೆಯ ನಿಯಮವಿರುವುದು ನಿಜ. ಆದರೆ ಅದು ಅನ್ವಯಿಸಬೇಕಾದರೆ ಆ ವ್ಯಕ್ತಿ ಮೊದಲೇ ಬಾಯಿಬಿಟ್ಟು ಹೇಳಿರಬೇಕು, ಹೇಳಿದ್ದೇ ಮುಂದಾಗಿದ್ದನ್ನು ಜನ ಕಂಡಿರಬೇಕು. ಸತ್ತ ಸ್ಥಿತಿಯಲ್ಲಿ ಸಿಕ್ಕರಷ್ಟೇ ಸಾಲದು. ಮಕ್ಕಳಿಗೆ ಈ ನಿಯಮವೇ ಇಲ್ಲ. ಮನೋರೋಗ, ತಾಳಲಾರದ ನೋವು, ಭಯ ಇದ್ದವರನ್ನೂ ನಂತರದ ರಬ್ಬಿಗಳು ಈ ನಿಯಮದಿಂದ ಹೊರಗಿಟ್ಟರು. ಕೊನೆಯ ಕ್ಷಣದಲ್ಲಿ ಪಶ್ಚಾತ್ತಾಪಪಟ್ಟಿರಬಹುದು ಎಂಬ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆದ್ದರಿಂದ ವೈದ್ಯರ ಚೀಟಿ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಮಾತ್ರೆಗಳ ಪಟ್ಟಿ ಎಲ್ಲವನ್ನೂ ರಬ್ಬಿಯ ಕೈಗೆ ಕೊಡಿ. ನಾಚಿಕೆಯಿಂದ ಕಾಯಿಲೆ ಮುಚ್ಚಿಟ್ಟರೆ ತೀರಿಹೋದವರಿಗೇ ಅನ್ಯಾಯವಾಗುತ್ತದೆ.

ಈಗ ಹೆಚ್ಚುಕಡಿಮೆ ಎಲ್ಲ ಕಡೆ ಪೂರ್ತಿ ವಿಧಿ ನಡೆಯುತ್ತದೆ: ಶವಸ್ನಾನ, ಬಿಳಿ ಬಟ್ಟೆ, 7 ದಿನ ಮನೆಯಲ್ಲೇ ಕೂತು ಮಾಡುವ ಶೋಕಾಚರಣೆ ‘ಶಿವಾ’, 30 ದಿನದ ಶೋಕ, ತಂದೆತಾಯಿಗಾದರೆ 11 ತಿಂಗಳು ‘ಕಡ್ಡೀಶ್’ ಪ್ರಾರ್ಥನೆ. ‘ಇಂಥವರಿಗೆ ಶಿವಾ ಕೂರಬಾರದಂತೆ’ ಎಂದು ಯಾರೋ ಹೇಳಿದ್ದನ್ನು ನಂಬಿ ಬಿಟ್ಟುಬಿಡುವುದೇ ದೊಡ್ಡ ತಪ್ಪು. ಸಾಂತ್ವನ ಬದುಕಿರುವವರ ಗೌರವಕ್ಕೆ ಸೇರಿದ್ದು. ಹಳೆಯ ನಿಯಮವೂ ಅದನ್ನು ತಡೆದಿಲ್ಲ.

ಪಾಪ ಮಾಡಿದೆ, ಸತ್ತು ತೀರಿಸುತ್ತೇನೆ ಎನ್ನುವವರಿಗೆ ಹಲಾಖಾ ಆ ದಾರಿ ಕೊಟ್ಟಿಲ್ಲ. ಮಧ್ಯಯುಗದ ಯಹೂದಿ ಪಂಡಿತ ಮೈಮೊನಿಡೀಸ್ ಬರೆದ ತೆಶುವಾದ (ಪಶ್ಚಾತ್ತಾಪದ) ಹೆಜ್ಜೆಗಳು: ತಪ್ಪು ಬಿಡುವುದು, ಮರುಗುವುದು, ದೇವರ ಮುಂದೆ ಬಾಯಿಬಿಟ್ಟು ಒಪ್ಪುವುದು, ಇನ್ನು ಮಾಡೆನೆಂಬ ನಿಶ್ಚಯ. ಮನುಷ್ಯನಿಗೆ ಕೇಡಾಗಿದ್ದರೆ ನಷ್ಟ ತುಂಬಿ ಕ್ಷಮೆ ಬೇಡಬೇಕು. ಒಪ್ಪದಿದ್ದರೆ ಮೂವರು ಗೆಳೆಯರ ಜೊತೆ ಮತ್ತೆ ಹೋಗಬೇಕು. ಇದೆಲ್ಲ ಬದುಕಿದ್ದವರು ಮಾತ್ರ ಮಾಡಬಲ್ಲ ಕೆಲಸ. ಸಾವಿನ ದವಡೆಯಿಂದ ಮರಳಿದವರ ಹಾಸಿಗೆಯ ಬಳಿ ಪಾಪದ ಮಾತು ಎತ್ತಬೇಡಿ. ಪಕ್ಕದಲ್ಲಿ ಕೂತು, ಅವರು ಹೇಳಿದ್ದನ್ನು ಕೇಳಿ.

ಅಂಥ ಯೋಚನೆ ಯಾರಿಗೇ ಬಂದರೂ ಒಬ್ಬರೇ ಇರಬೇಡಿ, ಇರಗೊಡಬೇಡಿ: ಸಹಾಯವಾಣಿಗೆ ಫೋನ್ ಮಾಡಿ, ಇಸ್ರೇಲಿನಲ್ಲಿ 1201, ಭಾರತದಲ್ಲಿ ಟೆಲಿ ಮಾನಸ್ 14416.